ಟ್ಯಾಕ್ಸಿಯಿಂದ ಇಳಿದ ಬ್ಯಾಟ್‌ಮ್ಯಾನ್

ಹಬೆಯಿಂದ ಶುರು ಮಾಡ್ತೀನಿ. 'ಟ್ಯಾಕ್ಸಿ ಡ್ರೈವರ್' ನೋಡಿರೋರಿಗೆ ನೆನಪಿರುತ್ತೆ, 1976ರ ಸಿನಿಮಾ, ಮಾರ್ಟಿನ್ ಸ್ಕಾರ್ಸೇಸಿದು. ಪರದೆ ತುಂಬ ಬೆಳ್ಳಗೆ ಹಬೆ, ಅದನ್ನ ಸೀಳ್ಕೊಂಡು ಒಂದು ಹಳದಿ ಟ್ಯಾಕ್ಸಿ ನಿಧಾನಕ್ಕೆ ಹೊರಗೆ ಬರುತ್ತೆ, ಏನೋ ನೀರಿನಿಂದ ಮೊಸಳೆ ಎದ್ದು ಬಂದ ಹಾಗೆ. ನಾನು ಮೊದಲ್ನೇ ಸಲ ನೋಡ್ದಾಗ ಇದೇನೋ ಸಿನಿಮಾದವರು ಹೊಗೆ ಮಷೀನ್ ಇಟ್ಟಿದಾರೆ ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಮ್ಯಾನ್‌ಹಟನ್ ರಸ್ತೆಗಳಲ್ಲಿ ಆ ಹಬೆ ನಿಜವಾಗ್ಲೂ ಬರುತ್ತೆ. 1882ರಿಂದ ಅಲ್ಲಿ ನೆಲದಡಿ ಹಬೆ ಪೈಪುಗಳಿವೆ, ನೂರು ಮೈಲಿಗೂ ಹೆಚ್ಚು, ದೊಡ್ಡ ದೊಡ್ಡ ಬಿಲ್ಡಿಂಗ್‌ಗಳನ್ನ ಚಳಿಗಾಲದಲ್ಲಿ ಬೆಚ್ಚಗಿಡೋಕೆ. ಪೈಪ್ ಎಲ್ಲಾದ್ರೂ ಲೀಕ್ ಆದ್ರೆ, ಇಲ್ಲಾ ಮಳೆ ನೀರು ಆ ಬಿಸಿ ಪೈಪ್ ಮೇಲೆ ಬಿದ್ರೆ, ಮ್ಯಾನ್‌ಹೋಲ್‌ನಿಂದ ಬುಸ್ ಅಂತ ಹಬೆ ಏಳುತ್ತೆ. ಅಷ್ಟೇ ವಿಷಯ. ಪ್ಲಂಬಿಂಗು.

ಆದ್ರೆ ನೋಡಿ, ಆಮೇಲೆ ಬಂದ ಎಷ್ಟು ಗೋಥಮ್‌ಗಳಲ್ಲಿ, ಅಂದ್ರೆ ಬ್ಯಾಟ್‌ಮ್ಯಾನ್ ಇರೋ ಆ ಕಾಲ್ಪನಿಕ ಊರಲ್ಲಿ, ಈ ಹಬೆ ಕಾಣುತ್ತೆ ಅಂತ ಲೆಕ್ಕ ಹಾಕಿ. ನ್ಯೂಯಾರ್ಕಿನ ಪ್ಲಂಬಿಂಗು ಬ್ಯಾಟ್‌ಮ್ಯಾನ್ ಊರಿನ ಹವಾಮಾನ ಆಗೋಯ್ತು. ಹಬೆ, ನಿಯಾನ್ ಲೈಟು, ಒದ್ದೆ ರೋಡು, ಮೂಲೇಲಿ ಕಸದ ಮೂಟೆ, ಇದೆಲ್ಲ ಕಣ್ಣಿಗೆ ಕಾಣೋ ಸಾಲ. ಅದನ್ನ ಎಲ್ಲರೂ ಹೇಳ್ತಾರೆ. ನಾನು ಇವತ್ತು ಹೇಳ್ಬೇಕು ಅಂತಿರೋದು ಕಣ್ಣಿಗೆ ಕಾಣದೆ ಇರೋ ಇನ್ನೊಂದು ಸಾಲದ ಬಗ್ಗೆ. ಆ ಟ್ಯಾಕ್ಸಿ ಒಳಗೆ ಕೂತಿದ್ದ ಟ್ರಾವಿಸ್ ಬಿಕಲ್ ಅನ್ನೋ ಮನುಷ್ಯ, ಅವನ ಡೈರಿ, ಅವನ ಸಿಟ್ಟು, ಅದು ಹೆಂಗೆ ಮುಖವಾಡ ಹಾಕ್ಕೊಂಡು ಕಾಮಿಕ್ಸ್‌ಗೆ ಬಂತು, ಬರೋವಾಗ ದಾರೀಲಿ ಏನು ಬೀಳಿಸ್ಕೊಂಡು ಬಂತು ಅನ್ನೋದು.

ಅದಕ್ಕೆ ಮುಂಚೆ, ಈ ತರ ಸಿನಿಮಾಗಳು ಅದೇ ಹೊತ್ತಿಗೆ ಯಾಕೆ ಬಂದ್ವು? ಒಂದು ಕಾರಣ ಕೇಳಿದ್ರೆ ನಗು ಬರುತ್ತೆ. 1966ರಲ್ಲಿ ನ್ಯೂಯಾರ್ಕ್ ಮೇಯರ್ ಜಾನ್ ಲಿಂಡ್ಸೆ ಸಿನಿಮಾದವರಿಗೆ ಅಂತಲೇ ಒಂದು ಆಫೀಸ್ ತೆಗೆದ್ರು. ಅದಕ್ಕೆ ಮುಂಚೆ ರಸ್ತೇಲಿ ಶೂಟಿಂಗ್ ಮಾಡ್ಬೇಕು ಅಂದ್ರೆ ಆ ಇಲಾಖೆ ಈ ಇಲಾಖೆ ಅಂತ ಅಲೀಬೇಕಿತ್ತು, ಈಗ ಒಂದೇ ಪರ್ಮಿಟ್ಟು, ಬಂದೋಬಸ್ತಿಗೆ ಪೊಲೀಸರೂ ಸಿಗ್ತಿದ್ರು. ಊರಿಗೆ ದುಡ್ಡು ಬರಲಿ, ಹೆಸರು ಬರಲಿ ಅಂತ ಮಾಡಿದ್ದು. ಹೆಸರು ಬಂತು. 1968ರಲ್ಲಿ ಹಾಲಿವುಡ್‌ನ ಹಳೇ ಸೆನ್ಸಾರ್ ಕೋಡ್ ಹೋಗಿ ರೇಟಿಂಗ್ ಪದ್ಧತಿ ಬಂತು, ಅಂದ್ರೆ ರಕ್ತ, ಬೈಗುಳ, ಲಂಚಕೋರ ಪೊಲೀಸ್ ಎಲ್ಲಾ ತೋರಿಸಬಹುದು. ಇವೆರಡೂ ಕೂಡಿ 1971ರಲ್ಲಿ 'ದ ಫ್ರೆಂಚ್ ಕನೆಕ್ಷನ್', 1973ರಲ್ಲಿ 'ಸರ್ಪಿಕೋ', 1974ರಲ್ಲಿ 'ಡೆತ್ ವಿಶ್'. ಮೇಯರ್ ಸಾಹೇಬ್ರು ಬಾಗಿಲು ತೆಗೆದಿದ್ದು ಊರನ್ನ ಚೆಂದ ತೋರಿಸಿ ಅಂತ, ಬಂದೋರು ತೋರಿಸಿದ್ದು ನರಕ.

ನರಕ ಅನ್ನೋದೇನೂ ಪೂರ್ತಿ ಸುಳ್ಳಲ್ಲ ಬಿಡಿ. 1975ರಲ್ಲಿ ನ್ಯೂಯಾರ್ಕ್ ದಿವಾಳಿ ಅಂಚಿಗೆ ಬಂದಿತ್ತು. ಸಾವಿರಾರು ಜನ ನೌಕರರನ್ನ ಮನೆಗೆ ಕಳಿಸಿದ್ರು, ಜುಲೈನಲ್ಲಿ ಕಸ ಎತ್ತೋರು ಮುಷ್ಕರ ಮಾಡಿದ್ರು, ಬೀದಿ ಬೀದೀಲಿ ಕಸ. ಅದೇ ಬೇಸಿಗೇಲಿ ಸ್ಕಾರ್ಸೇಸಿ ಅಲ್ಲೇ ಶೂಟಿಂಗ್ ಮಾಡ್ತಿದ್ರು, ಆ ಕಸಕ್ಕೆ ಆರ್ಟ್ ಡೈರೆಕ್ಟರ್ ಬೇಕಿರಲಿಲ್ಲ. ಇನ್ನೊಂದು ವಿಷಯ ಗೊತ್ತಾ, ಕೆಲಸ ಹೋಗುತ್ತೆ ಅನ್ನೋ ಸಿಟ್ಟಲ್ಲಿ ಪೊಲೀಸ್ ಯೂನಿಯನ್‌ಗಳೇ ಆ ಜೂನ್‌ನಲ್ಲಿ ಒಂದು ಪಾಂಪ್ಲೆಟ್ ಮಾಡಿ ಟೂರಿಸ್ಟ್‌ಗಳಿಗೆ ಹಂಚೋಕೆ ಹೊರಟ್ರು. 'ಭಯದ ನಗರಕ್ಕೆ ಸ್ವಾಗತ' ಅನ್ನೋ ಅರ್ಥದ ಹೆಸರು. ಸಂಜೆ ಆರರ ಮೇಲೆ ರೋಡಿಗೆ ಇಳೀಬೇಡಿ, ಸಬ್‌ವೇ ಹತ್ತಬೇಡಿ ಅಂತೆಲ್ಲ ಬುದ್ಧಿಮಾತು. ಕವರ್ ಮೇಲೆ ಒಂದು ತಲೆಬುರುಡೆ. ಈ ತಲೆಬುರುಡೆ ನೆನಪಿಟ್ಕೊಳಿ, ವಾಪಸ್ ಬರ್ತೀನಿ.

ಈಗ ಕಾಮಿಕ್ಸ್ ಕಡೆ. ಅಲ್ಲಿ 1954ರಿಂದ ಕಾಮಿಕ್ಸ್ ಕೋಡ್ ಅಂತ ಒಂದಿತ್ತು. ಪಬ್ಲಿಷರ್‌ಗಳೇ ಹೆದರಿ ಹಾಕ್ಕೊಂಡಿದ್ದ ಬೇಲಿ. ಪೊಲೀಸು, ಜಡ್ಜು, ಸರ್ಕಾರಿ ಅಧಿಕಾರಿಗಳ ಮೇಲೆ ಗೌರವ ಕಡಿಮೆ ಆಗೋ ತರ ಬರೀಬಾರದು, ಪ್ರತೀ ಸಲ ಒಳ್ಳೇದೇ ಗೆಲ್ಲಬೇಕು. 1971ರಲ್ಲಿ ಅದು ಸ್ವಲ್ಪ ಸಡಿಲ ಆಯ್ತು. 1974ರ ಫೆಬ್ರವರಿ ತಾರೀಖಿನ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 129ನೇ ಸಂಚಿಕೇಲಿ ಪನಿಷರ್ ಬಂದ. ಎದೆ ಮೇಲೆ ದೊಡ್ಡ ತಲೆಬುರುಡೆ, ಕೈಯಲ್ಲಿ ಗನ್ನು, ಕಳ್ಳರನ್ನ ಹಿಡಿದುಕೊಡಲ್ಲ, ಕೊಲ್ತಾನೆ.

ನಾನೇ ಒಂದು ತಪ್ಪು ಮಾಡ್ತಿದ್ದೆ, ಹೇಳ್ಬಿಡ್ತೀನಿ. ಎಷ್ಟೋ ವರ್ಷ ನಾನು ಸ್ನೇಹಿತರ ಹತ್ರ ಪನಿಷರ್ ಅಂದ್ರೆ 'ಡೆತ್ ವಿಶ್' ಸಿನಿಮಾದ ಕಾಪಿ ಅಂತ ವಾದ ಮಾಡ್ತಿದ್ದೆ. ಆಮೇಲೆ ತಾರೀಖು ನೋಡಿದ್ರೆ ಸಿನಿಮಾ ಬಂದಿದ್ದು ಅದೇ ವರ್ಷದ ಜುಲೈನಲ್ಲಿ, ಪನಿಷರ್ ಅದಕ್ಕೂ ಮುಂಚೆನೇ ಅಂಗಡೀಲಿದ್ದ. ಅವನ ನಿಜವಾದ ಅಣ್ಣ ಅಂದ್ರೆ 'ದ ಎಕ್ಸಿಕ್ಯೂಷನರ್' ಅನ್ನೋ ಅಗ್ಗದ ಕಾದಂಬರಿ ಸರಣಿಯ ಹೀರೋ. ಅಂದ್ರೆ ಎಲ್ಲಾ ಸಲ ಸಿನಿಮಾ ಕೊಟ್ಟು ಕಾಮಿಕ್ಸ್ ಇಸ್ಕೊಂಡಿದ್ದಲ್ಲ, ಇಬ್ಬರೂ ಒಂದೇ ಬಾವಿ ನೀರು ಸೇದ್ತಿದ್ರು. ಇನ್ನು 'ಡೆತ್ ವಿಶ್' ಕಾದಂಬರಿ ಬರೆದ ಬ್ರಯಾನ್ ಗಾರ್ಫೀಲ್ಡ್ ಕಥೆ ಇನ್ನೂ ಸ್ವಾರಸ್ಯ. ಆಯಪ್ಪ 1972ರಲ್ಲಿ ಬರೆದಿದ್ದು ಗನ್ ಹಿಡ್ದ ಒಬ್ಬ ಸಾಧಾರಣ ಮನುಷ್ಯ ಹೆಂಗೆ ಹಾಳಾಗ್ತಾನೆ ಅಂತ. ಸಿನಿಮಾ ಅದನ್ನ ತಿರುಗಿಸಿ ಹೀರೋ ಚಾರ್ಲ್ಸ್ ಬ್ರಾನ್ಸನ್‌ಗೆ ಶಿಳ್ಳೆ ಹೊಡೆಯೋ ತರ ಮಾಡ್ತು. ಅವರಿಗೆ ಅದು ಸರಿಬರದೆ 1975ರಲ್ಲಿ ಇನ್ನೊಂದು ಕಾದಂಬರಿ ಬರೆದು ಹಂಗಲ್ಲ ಹಿಂಗೆ ಅಂತ ಹೇಳೋಕೆ ನೋಡಿದ್ರು. ಯಾರು ಕೇಳ್ತಾರೆ. ಎಚ್ಚರಿಕೆ ಅಂತ ಬರೆದಿದ್ದನ್ನ ಜನ ಆಹ್ವಾನ ಅಂತ ಓದೋದು, ಇದು ಇವತ್ತಿನ ಮಾತಲ್ಲಿ ಇನ್ನೂ ಮೂರ್ನಾಲ್ಕು ಸಲ ಬರುತ್ತೆ. ನಮ್ಮಲ್ಲೂ 1995ರಲ್ಲಿ 'ಓಂ' ಬಂತಲ್ಲ, ನಿಜವಾದ ರೌಡಿಗಳೇ ಪಾತ್ರ ಮಾಡಿದ ಸಿನಿಮಾ, ಅದು ಲಾಂಗ್ ಬಿಡ್ರೋ ಅಂತ ಹೇಳಿದ್ದು ಎಷ್ಟು ಜನಕ್ಕೆ ನೆನಪಿದೆ, ಲಾಂಗ್ ಹಿಡ್ದ ಶಿವಣ್ಣ ಎಷ್ಟು ಜನಕ್ಕೆ ನೆನಪಿದಾರೆ, ನೀವೇ ಹೇಳಿ.

ಸರಿ, ಟ್ರಾವಿಸ್ ಕಡೆ ಬರೋಣ. ಸಿನಿಮಾನ ಒಂದು ಸಲ ಸೂಪರ್‌ಹೀರೋ ಕಥೆ ತರ ನೋಡಿ. ಸೈನ್ಯದಿಂದ ವಾಪಸ್ ಬಂದೋನು. ರಾತ್ರಿ ನಿದ್ದೆ ಇಲ್ಲ, ಅದಕ್ಕೆ ರಾತ್ರಿ ಊರು ಸುತ್ತೋ ಕೆಲಸ. ಡೈರಿ ಬರೀತಾನೆ, ಈ ಊರಿನ ಕೊಳೆನೆಲ್ಲ ಒಂದಿನ ಮಳೆ ಬಂದು ತೊಳೀಬೇಕು ಅಂತ. ಆಮೇಲೆ ತಯಾರಿ. ರೂಮಲ್ಲಿ ಒಬ್ಬನೇ ಪುಷ್‌ಅಪ್ ಹೊಡೀತಾನೆ, ಗ್ಯಾಸ್ ಒಲೆ ಉರಿ ಮೇಲೆ ಮುಷ್ಟಿ ಹಿಡೀತಾನೆ. ಡ್ರಾಯರ್ ಹಿಂದೆ ಮುಂದೆ ಜಾರುತ್ತಲ್ಲ, ಆ ಕಬ್ಬಿಣದ ರೈಲ್ ಬಿಚ್ಚಿ ಮುಂಗೈಗೆ ಕಟ್ಕೊಂಡು, ಕೈ ಜಾಡಿಸಿದ್ರೆ ತೋಳಿನೊಳಗಿಂದ ಪಿಸ್ತೂಲು ಸರ್ರಂತ ಅಂಗೈಗೆ ಬರೋ ತರ ಮಾಡ್ಕೊತಾನೆ. ಶೂಗೆ ಚಾಕು ಅಂಟಿಸ್ತಾನೆ. ಇದು ಬ್ಯಾಟ್‌ಕೇವ್, ಬ್ಯಾಟ್‌ಮ್ಯಾನ್‌ನ ಗುಟ್ಟಿನ ಗುಹೆ, ಅಲ್ದೆ ಇನ್ನೇನು, ಬಾಡಿಗೆ ಮನೆ ಬ್ಯಾಟ್‌ಕೇವ್. ಕೊನೆಗೆ ವೇಷ ಬೇಕಲ್ಲ, ತಲೆ ಬೋಳಿಸಿ ನಡುವೆ ಒಂದು ಸಾಲು ಕೂದಲು ಬಿಡ್ತಾನೆ. ಹೋಗಿ ಒಂದು ಹನ್ನೆರಡು ವರ್ಷದ ಹುಡುಗೀನ ಇಟ್ಕೊಂಡು ದಂಧೆ ಮಾಡ್ತಿದ್ದ ತಲೆಹಿಡುಕನ್ನ, ಅವನ ಜೊತೆಯವರನ್ನ ಕೊಲ್ತಾನೆ. ಪೇಪರ್‌ನಲ್ಲಿ ಹೀರೋ ಅಂತ ಬರುತ್ತೆ, ಕ್ಯಾಮೆರಾ ಗೋಡೆ ಮೇಲೆ ಅಂಟಿಸಿರೋ ಆ ಕಟಿಂಗ್‌ಗಳನ್ನ ಒಂದೊಂದಾಗಿ ತೋರಿಸುತ್ತೆ, ಹುಡುಗಿ ಅಪ್ಪ ಥ್ಯಾಂಕ್ಸ್ ಹೇಳಿ ಕಾಗದ ಬರೀತಾರೆ.

ಆದ್ರೆ ಒಂದು ಸಣ್ಣ ವಿಷಯ. ಅದೇ ದಿನ ಮಧ್ಯಾಹ್ನ ಅವನು ಹೋಗಿದ್ದು ಪ್ರೆಸಿಡೆಂಟ್ ಎಲೆಕ್ಷನ್‌ಗೆ ನಿಂತಿದ್ದ ಒಬ್ಬ ರಾಜಕಾರಣೀನ ಕೊಲ್ಲೋಕೆ. ಸೆಕ್ಯುರಿಟಿಯವರು ನೋಡ್ಬಿಟ್ರು, ಓಡಿಬಂದ. ಮಧ್ಯಾಹ್ನ ಗುರಿ ಮುಟ್ಟಿದ್ರೆ ಹಂತಕ, ರಾತ್ರಿ ಮುಟ್ಟಿದ್ದಕ್ಕೆ ಹೀರೋ. ಮನುಷ್ಯ ಅವನೇ, ಗನ್ ಅದೇ. ಸಿನಿಮಾದ ವಿಷ ಇರೋದೇ ಇಲ್ಲಿ, ಇದನ್ನ ಬಿಟ್ಟು ನೋಡಿದ್ರೆ ಸಿನಿಮಾ ಅರ್ಧ ನೋಡಿದ ಹಾಗೆ.

ಅರ್ಧ ನೋಡಿದವರಲ್ಲಿ ಕಾಮಿಕ್ಸ್ ಮಾಡೋ ಫ್ರಾಂಕ್ ಮಿಲ್ಲರ್‌ನೂ ಸೇರಿಸ್ತೀನಿ ನಾನು, ಅವರ ಅಭಿಮಾನಿಗಳು ಕ್ಷಮಿಸ್ಬೇಕು, ನಾನೂ ಅಭಿಮಾನಿನೇ. ಮಿಲ್ಲರ್ ಬೆಳೆದಿದ್ದು ವರ್ಮಾಂಟ್ ಅನ್ನೋ ಕಾಡು ಬೆಟ್ಟದ ರಾಜ್ಯದಲ್ಲಿ. ಎಪ್ಪತ್ತರ ದಶಕದಲ್ಲಿ ಚಿತ್ರ ಬರೀತೀನಿ ಅಂತ ನ್ಯೂಯಾರ್ಕಿಗೆ ಬಂದ ಹಳ್ಳಿ ಕಡೆ ಹುಡುಗ. 1979ರಲ್ಲಿ 'ಡೇರ್‌ಡೆವಿಲ್' ಸಿಕ್ತು. ಅಲ್ಲೀವರೆಗೂ ಜಂಪ್ ಮಾಡ್ಕೊಂಡು ಓಡಾಡ್ತಿದ್ದ ಕೆಂಪು ಬಟ್ಟೆಯ ಹೀರೋ ಇವರ ಕೈಗೆ ಬಂದ ಮೇಲೆ ನೀರಿನ ಟ್ಯಾಂಕು, ಫೈರ್ ಎಸ್ಕೇಪು, ಬಾರ್ ಜಗಳ ಇವುಗಳ ಮಧ್ಯೆ ಬದುಕೋಕೆ ಶುರು ಮಾಡ್ದ. ಇಂಕಿಂಗ್, ಅಂದ್ರೆ ಪೆನ್ಸಿಲ್ ಗೆರೆ ಮೇಲೆ ಇಂಕ್ ಹಾಕೋದು, ಮಾಡ್ತಿದ್ದೋರು ಕ್ಲೌಸ್ ಜಾನ್ಸನ್, ಆ ಒರಟು ಗೆರೆಗಳಿಗೆ ಅರ್ಧ ಕ್ರೆಡಿಟ್ ಅವರಿಗೆ ಹೋಗ್ಬೇಕು.

1987ರಲ್ಲಿ ಮಿಲ್ಲರ್ ಬರೆದು ಡೇವಿಡ್ ಮಜುಕೆಲ್ಲಿ ಚಿತ್ರ ಮಾಡಿದ 'ಬ್ಯಾಟ್‌ಮ್ಯಾನ್: ಇಯರ್ ಒನ್'. ಇದರ ಪುಸ್ತಕ ನನಗೆ ಚರ್ಚ್ ಸ್ಟ್ರೀಟ್‌ನ ಒಂದು ಸೆಕೆಂಡ್ ಹ್ಯಾಂಡ್ ಅಂಗಡೀಲಿ ಸಿಕ್ತು, ಹಿಂದಿನ ಓನರ್ ಯಾರೋ ಪುಣ್ಯಾತ್ಮ ಕಾಫಿ ಲೋಟ ಇಟ್ಟು ಕವರ್ ಮೇಲೆ ರೌಂಡ್ ಕಲೆ ಮಾಡಿದ್ದ, ಅದೂ ಆ ಪುಸ್ತಕದ ಬಣ್ಣಕ್ಕೆ ಹೊಂದ್ಕೊಂಡಂಗಿತ್ತು. ಅದರಲ್ಲಿ ಬ್ರೂಸ್ ವೇಯ್ನ್ ಇನ್ನೂ ಬ್ಯಾಟ್‌ಮ್ಯಾನ್ ಆಗಿಲ್ಲ. ಮುಖಕ್ಕೆ ಸುಳ್ಳು ಗಾಯದ ಗುರುತು ಅಂಟಿಸ್ಕೊಂಡು, ಯುದ್ಧದಿಂದ ಬಂದವನ ತರ ಜಾಕೆಟ್ ಹಾಕ್ಕೊಂಡು ಕೆಂಪುದೀಪದ ಬೀದಿಗೆ ಹೋಗ್ತಾನೆ. ಒಂದು ಚಿಕ್ಕ ಹುಡುಗಿ ಬಂದು ಕರೀತಾಳೆ, ತಲೆಹಿಡುಕ ಬರ್ತಾನೆ, ಹೊಡೆದಾಟ. ನೋಡ್ತಿದ್ದಂಗೆ ಗೊತ್ತಾಗುತ್ತೆ, ಇದು ಟ್ರಾವಿಸ್ ಬೀದಿ, ಟ್ರಾವಿಸ್ ಜಾಕೆಟ್ಟು, ಟ್ರಾವಿಸ್ ಹುಡುಗಿ. ಆದ್ರೆ ಇಲ್ಲಿ ಎಲ್ಲಾ ಕೆಡುತ್ತೆ. ಕಾಪಾಡೋಕೆ ಹೋದ ಹುಡುಗಿನೇ ತೊಡೆಗೆ ಚಾಕು ಹಾಕ್ತಾಳೆ, ಪೊಲೀಸರು ಗುಂಡು ಹೊಡೀತಾರೆ, ಹೆಂಗೋ ತಪ್ಪಿಸ್ಕೊಂಡು ಮನೆಗೆ ಬಂದು ರಕ್ತ ಸುರಿಸ್ಕೊಂಡು ಅಪ್ಪನ ಮೂರ್ತಿ ಮುಂದೆ ಕೂರ್ತಾನೆ. ಆಗ ಕಿಟಕಿ ಗಾಜು ಒಡ್ಕೊಂಡು ಬಾವಲಿ ಬರುತ್ತೆ.

ಈ ಬಾವಲಿ ಏನು ಹೇಳ್ತಿದೆ ಅಂತ ನಾನು ತುಂಬ ದಿನ ಯೋಚನೆ ಮಾಡಿದೀನಿ. ನೀನು ಮಾಡಿದ್ದು ತಪ್ಪು ಅಂತ ಹೇಳ್ತಿಲ್ಲ. ನಿನ್ನ ಬಟ್ಟೆ ತಪ್ಪು ಅಂತಿದೆ. ಜನ ಹೆದರೋ ತರ ವೇಷ ಹಾಕು, ಆಗ ಕೆಲಸ ಆಗುತ್ತೆ. ಸ್ಕಾರ್ಸೇಸಿಗೆ ಟ್ರಾವಿಸ್ ಒಂದು ಕಾಯಿಲೆ, ಮಿಲ್ಲರ್‌ಗೆ ಅವನು ಟೈಲರ್ ಸಿಗದೆ ಇರೋ ಬ್ಯಾಟ್‌ಮ್ಯಾನ್. ಪುಸ್ತಕ ಅದ್ಭುತ, ಅದರಲ್ಲಿ ಅನುಮಾನ ಇಲ್ಲ, ಅದರಲ್ಲೂ ಗಾರ್ಡನ್ ಭಾಗ, ಲಂಚ ತಿನ್ನೋ ಸ್ಟೇಷನ್‌ನಲ್ಲಿ ಒಬ್ಬನೇ ನೇರವಾಗಿರೋ ಪೊಲೀಸು, ಅದು ಪೂರ್ತಿ 'ಸರ್ಪಿಕೋ' ಗಾಳಿ. ಆದ್ರೆ ಆ ಒಂದು ತಿರುವಲ್ಲಿ ಸಿನಿಮಾದ ಕತ್ತಲು ಬಂತು, ಸಿನಿಮಾದ ಅನುಮಾನ ಬರಲಿಲ್ಲ.

ಒಂದು ವರ್ಷ ಮುಂಚೆ, 1986ರಲ್ಲಿ, ಇದೇ ಮಿಲ್ಲರ್‌ದು 'ದ ಡಾರ್ಕ್ ನೈಟ್ ರಿಟರ್ನ್ಸ್'. ಐವತ್ತೈದು ವರ್ಷದ ಮುದುಕ ಬ್ಯಾಟ್‌ಮ್ಯಾನ್. ಒಂದು ಪುಟಕ್ಕೆ ಹದಿನಾರು ಚೌಕ, ಅದರಲ್ಲಿ ಅಪ್ಪ ಅಮ್ಮ ಸಾಯೋ ದೃಶ್ಯ ಮಾತೇ ಇಲ್ದೆ ಬರುತ್ತೆ. ಟ್ರಿಗರ್ ಮೇಲೆ ಬೆರಳು, ಅಮ್ಮನ ಕತ್ತಿನ ಮುತ್ತಿನ ಸರಕ್ಕೆ ಸಿಕ್ಕಿರೋ ಪಿಸ್ತೂಲು, ಸರ ಕಿತ್ತು ಹೋಗೋದು, ಒಂದೊಂದೇ ಮುತ್ತು. ಎಡಿಟಿಂಗ್ ಟೇಬಲ್ ಮೇಲೆ ಫಿಲ್ಮ್ ಹರಡಿದಂಗೆ. ಆಮೇಲೆ ಸಿನಿಮಾದವರು ಆ ಮುತ್ತುಗಳನ್ನ ಎಷ್ಟು ಸಲ ಚೆಲ್ಲಿದ್ರೋ. ಬೆಲೆ 2.95 ಡಾಲರ್, ಆಗ ಮಾಮೂಲಿ ಕಾಮಿಕ್ಸ್ 75 ಸೆಂಟ್. ಅಂದ್ರೆ ಇದು ಪೇಪರ್ ಅಂಗಡೀಲಿ ಮಕ್ಕಳು ಕೊಳ್ಳೋ ಸರಕಲ್ಲ, ಕಾಮಿಕ್ಸ್‌ಗೆ ಅಂತಲೇ ಹುಟ್ಟಿದ್ದ ಅಂಗಡಿಗಳಿಗೆ ಬರೋ ದೊಡ್ಡೋರಿಗೆ. ಅಲ್ಲಿ ಕೋಡ್ ಮುದ್ರೆ ಯಾರೂ ಕೇಳ್ತಿರಲಿಲ್ಲ. ಹಾಲಿವುಡ್‌ಗೆ 1968ರಲ್ಲಿ ಆಗಿದ್ದು ಕಾಮಿಕ್ಸ್‌ಗೆ ಆಗೋಕೆ ಹೆಚ್ಚುಕಮ್ಮಿ ಹದಿನೈದಿಪ್ಪತ್ತು ವರ್ಷ ಹಿಡೀತು, ಅದಕ್ಕೇ ಎಪ್ಪತ್ತರ ದಶಕದ ಸಿನಿಮಾ ಎಂಬತ್ತರ ದಶಕದ ಕಾಮಿಕ್ಸ್ ಆಗಿ ಬಂದಿದ್ದು.

ಈ ಮಧ್ಯೆ ನಿಜವಾದ ನ್ಯೂಯಾರ್ಕಲ್ಲಿ ಏನಾಯ್ತು ಅಂದ್ರೆ, 1984ರ ಡಿಸೆಂಬರ್ 22, ಸಬ್‌ವೇ ರೈಲಲ್ಲಿ ಬರ್ನ್‌ಹಾರ್ಡ್ ಗೆಟ್ಸ್ ಅನ್ನೋ ಬಿಳಿಯ, ಹತ್ರ ಬಂದು ಐದು ಡಾಲರ್ ಕೇಳಿದ್ರು ಅಂತ ನಾಲ್ಕು ಜನ ಕಪ್ಪು ಹುಡುಗರ ಮೇಲೆ ಗುಂಡು ಹಾರಿಸ್ದ. ಒಬ್ಬ ಹುಡುಗನಿಗೆ ಜೀವನಪೂರ್ತಿ ನಡೆಯೋಕಾಗದ ಹಾಗಾಯ್ತು. ಊರಲ್ಲಿ ಎಷ್ಟೋ ಜನ ಇವನನ್ನ ಹೀರೋ ಅಂದ್ರು. 1987ರಲ್ಲಿ ಜ್ಯೂರಿ ಕೊಲೆಯತ್ನದ ಆರೋಪದಿಂದ ಬಿಟ್ಟು, ಲೈಸೆನ್ಸ್ ಇಲ್ಲದ ಗನ್ ಇಟ್ಕೊಂಡಿದ್ದಕ್ಕೆ ಮಾತ್ರ ಶಿಕ್ಷೆ ಕೊಡ್ತು. ಟ್ರಾವಿಸ್ ಗೋಡೆ ಮೇಲಿನ ಪೇಪರ್ ಕಟಿಂಗ್ ನಿಜವಾಯ್ತು ಅನ್ನಿ.

ಇಲ್ಲಿ ಯಾರೂ ಜೋರಾಗಿ ಹೇಳದ ಒಂದು ಮಾತಿದೆ. ಕೊಳೆ ತೊಳೀಬೇಕು ಅಂತಾರಲ್ಲ, ಕೊಳೆ ಅಂದ್ರೆ ಯಾರು? 'ಟ್ಯಾಕ್ಸಿ ಡ್ರೈವರ್' ಬರೆದ ಪಾಲ್ ಶ್ರೇಡರ್‌ನ ಮೂಲ ಸ್ಕ್ರಿಪ್ಟಲ್ಲಿ ಕೊನೆಗೆ ಸಾಯೋರು ಕಪ್ಪು ಜನ. ಥಿಯೇಟರ್‌ನಲ್ಲಿ ಗಲಾಟೆ ಆಗ್ಬಹುದು ಅಂತ ಬದಲಾಯಿಸಿ, ತಲೆಹಿಡುಕನ ಪಾತ್ರಕ್ಕೆ ಹಾರ್ವಿ ಕೈಟೆಲ್ ಬಂದ್ರು. ಟ್ರಾವಿಸ್ ಕಣ್ಣಲ್ಲಿ ಮಾತ್ರ ಆ ದ್ವೇಷ ಉಳೀತು, ಅವನು ಯಾರನ್ನ ಹೆಂಗೆ ದಿಟ್ಟಿಸ್ತಾನೆ ಅಂತ ಇನ್ನೊಂದ್ಸಲ ನೋಡಿ. ಗೋಥಮ್‌ಗೆ ಬರೋ ಹೊತ್ತಿಗೆ ಅದು ಬರೀ 'ಕ್ರೈಮ್' ಅನ್ನೋ ಪದ ಆಗಿತ್ತು. ಊರಿನ ಹೆಸರು ಸುಳ್ಳಾದ್ರೆ ಕೊಳೆಗೂ ಬಣ್ಣ ಇರಲ್ಲ, ಅನುಕೂಲ.

ಇದನ್ನೆಲ್ಲ ದೂರದಿಂದ ನೋಡ್ತಿದ್ದೋರು ಇಂಗ್ಲೆಂಡಿನ ಕಾಮಿಕ್ಸ್ ಲೇಖಕ ಅಲನ್ ಮೂರ್. 1986ರಲ್ಲಿ ಚಿತ್ರಕಾರ ಡೇವ್ ಗಿಬ್ಬನ್ಸ್ ಜೊತೆ 'ವಾಚ್‌ಮೆನ್' ಅನ್ನೋ ಕಾಮಿಕ್ಸ್ ಶುರು ಮಾಡಿದ್ರು. ಅದರಲ್ಲಿ ರೋರ್ಶಾಕ್ ಅನ್ನೋ ಮುಖವಾಡದವನು ಡೈರಿ ಬರೀತಾನೆ, ಊರಿನ ಮೇಲೆ ಅಸಹ್ಯ, ಸ್ನಾನ ಇಲ್ಲ, ಸ್ನೇಹಿತರಿಲ್ಲ, ಡಬ್ಬಿಯಿಂದ ತಣ್ಣಗಿರೋ ಹುರುಳಿ ಕಾಳಿನಂಥದ್ದೇನೋ ತಿಂತಾನೆ. ಇವನ ಮುಖವಾಡದ ಬಟ್ಟೆ ಎಲ್ಲಿಂದ ಬಂತು ಅಂದ್ರೆ, ಕಿಟ್ಟಿ ಜೆನೊವೀಸ್ ಅನ್ನೋ ಹೆಣ್ಣುಮಗಳು ಆರ್ಡರ್ ಮಾಡಿ ಬೇಡ ಅಂದ ಡ್ರೆಸ್‌ನಿಂದ. ಆಕೆ ನಿಜವಾದ ವ್ಯಕ್ತಿ, 1964ರಲ್ಲಿ ಕ್ವೀನ್ಸ್‌ನಲ್ಲಿ ಕೊಲೆಯಾದೋರು. ಮೂವತ್ತೆಂಟು ಜನ ನೋಡ್ತಾ ನಿಂತಿದ್ರು, ಯಾರೂ ಬರಲಿಲ್ಲ ಅಂತ ನ್ಯೂಯಾರ್ಕ್ ಟೈಮ್ಸ್ ಬರೀತು, ಅದೇ ಪತ್ರಿಕೆ 2016ರಲ್ಲಿ ನಮ್ಮ ಆ ವರದಿ ಸರಿ ಇರಲಿಲ್ಲ ಅಂತ ಒಪ್ಕೊಂಡಿತು. ಅಂದ್ರೆ ರೋರ್ಶಾಕ್ ಹೊದ್ಕೊಂಡಿರೋದು ಅರ್ಧ ಸುಳ್ಳಾಗಿದ್ದ ಒಂದು ಪೇಪರ್ ಸುದ್ದೀನ. ಮೂರ್‌ಗೆ ಇದು ಬರೆಯೋವಾಗ ಗೊತ್ತಿರೋಕೆ ಸಾಧ್ಯ ಇಲ್ಲ, ಆದ್ರೂ ನನಗೆ ಇಡೀ ಪುಸ್ತಕದಲ್ಲಿ ಇಷ್ಟ ಆಗೋ ವಿಷಯ ಇದೇ. ಮೂರ್ ಇವನನ್ನ ಬರೆದಿದ್ದು ಹಿಂಗಿರಬಾರದು ಅಂತ. ಓದುಗರು ಬಂದು ನಾನೇ ರೋರ್ಶಾಕ್ ಸರ್ ಅಂದ್ರು, ಅವರಿಗೆ ಗಾಬರಿ ಆಯ್ತು. ಮತ್ತೆ ಅದೇ, ಎಚ್ಚರಿಕೆ ಅಂತ ಬರೆದಿದ್ದು ಆಹ್ವಾನ ಆಗಿದ್ದು. ಆ ತಲೆಬುರುಡೇನೂ ಹಂಗೇ. ಪನಿಷರ್ ಗುರುತನ್ನ ಅಮೆರಿಕದ ಕೆಲವು ಪೊಲೀಸರು ಗಾಡಿಗಳ ಮೇಲೆ ಅಂಟಿಸ್ಕೊಂಡ್ರು. ಅವನನ್ನ ಸೃಷ್ಟಿ ಮಾಡಿದ ಜೆರಿ ಕಾನ್ವೇನೇ, ಕಾನೂನು ಸೋತಿದ್ದರ ಗುರುತನ್ನ ಕಾನೂನಿನವರು ಹಾಕ್ಕೊಳೋದು ಏನು ಅರ್ಥ ಅಂತ ತಕರಾರು ಮಾಡಿದ್ರು.

ಬ್ಯಾಟ್‌ಮ್ಯಾನ್ ಸಿನಿಮಾ ಮಾಡಿದ ಕ್ರಿಸ್ಟೋಫರ್ ನೋಲನ್ ಬಗ್ಗೆ ಜಾಸ್ತಿ ಹೇಳಲ್ಲ, ಅವರ ಊರು ಬೇರೆ. 2008ರ 'ದ ಡಾರ್ಕ್ ನೈಟ್' ಶೂಟ್ ಆಗಿದ್ದು ಹೆಚ್ಚಾಗಿ ಶಿಕಾಗೋದಲ್ಲಿ, ಅದರ ಅಪ್ಪ ಅಂದ್ರೆ 1995ರ ದರೋಡೆ ಸಿನಿಮಾ 'ಹೀಟ್'. ಬ್ಯಾಂಕ್ ದರೋಡೆ ಸೀನಲ್ಲಿ ಮ್ಯಾನೇಜರ್ ಆಗಿರೋ ವಿಲಿಯಂ ಫಿಕ್ನರ್ 'ಹೀಟ್'ನಲ್ಲೂ ಇದ್ರು, ಗೊತ್ತಿದ್ದೋರಿಗೆ ಕಣ್ಣು ಹೊಡೆದ ಹಾಗೆ.

ಟ್ರಾವಿಸ್ ಊರಿಗೆ ವಾಪಸ್ ಹೋಗ್ಬೇಕು ಅನ್ನೋರಿಗೆ ಈಗೊಂದು ತೊಂದರೆ ಇದೆ. ಆ ಊರಿಲ್ಲ. ಅವನು ಟ್ಯಾಕ್ಸಿ ಓಡಿಸ್ತಿದ್ದ 42ನೇ ಬೀದೀಲಿ 1997ರಲ್ಲಿ ಡಿಸ್ನಿ ಕಂಪನಿ ಒಂದು ಹಳೇ ಥಿಯೇಟರ್ ರಿಪೇರಿ ಮಾಡಿಸಿ 'ಲಯನ್ ಕಿಂಗ್' ನಾಟಕ ಹಾಕ್ತು. ಅದೇ ಡಿಸ್ನಿ 2009ರಲ್ಲಿ ಮಾರ್ವೆಲ್ ಕೊಂಡ್ಕೊಂಡಿತು, ಅಂದ್ರೆ ಪನಿಷರ್, ಡೇರ್‌ಡೆವಿಲ್ ಎಲ್ಲಾ ಈಗ ಮಿಕ್ಕಿ ಮೌಸ್ ಮನೆ ಮಕ್ಕಳು. ಡೇರ್‌ಡೆವಿಲ್ ಏರಿಯಾ ಹೆಲ್ಸ್ ಕಿಚನ್‌ನಲ್ಲಿ ಈಗ ಬಾಡಿಗೆ ಕೇಳಿದ್ರೆ ತಲೆ ತಿರುಗುತ್ತೆ. 2015ರಲ್ಲಿ ನೆಟ್‌ಫ್ಲಿಕ್ಸ್ ಸೀರೀಸ್ ಮಾಡಿದೋರು ಏನು ಮಾಡಿದ್ರು ಗೊತ್ತಾ? 'ಅವೆಂಜರ್ಸ್' ಸಿನಿಮಾದಲ್ಲಿ ಏಲಿಯನ್‌ಗಳು ಬಂದು ನ್ಯೂಯಾರ್ಕ್ ಒಡೆದು ಹಾಕಿದ್ರಲ್ಲ, ಅದರಿಂದ ಈ ಏರಿಯಾ ಮತ್ತೆ ಹಾಳಾಗಿದೆ ಅಂತ ಕಥೆ ಕಟ್ಟಿದ್ರು. ಬಡತನ ತರಿಸೋಕೆ ಅನ್ಯಗ್ರಹದವರೇ ಬರ್ಬೇಕಾಯ್ತು.

2019ರ 'ಜೋಕರ್'ನವರು ಬ್ರಾಂಕ್ಸ್‌ಗೆ, ನದಿ ಆಚೆ ನ್ಯೂಜೆರ್ಸಿಗೆ ಹೋದ್ರು. 1981ರ ಗೋಥಮ್, ಕಸದ ಮುಷ್ಕರ, ಸಬ್‌ವೇಲಿ ಗುಂಡು, ಟಿವಿ ಶೋ ನಡೆಸೋನಾಗಿ ಟ್ರಾವಿಸ್ ಪಾತ್ರ ಮಾಡಿದ್ದ ಸ್ವತಃ ರಾಬರ್ಟ್ ಡಿ ನೀರೋ. ಆದ್ರೆ ಸಬ್‌ವೇಲಿ ಗುಂಡು ತಿನ್ನೋರು ಇಲ್ಲಿ ನಾಲ್ಕು ಜನ ಬಡ ಕಪ್ಪು ಹುಡುಗರಲ್ಲ, ವೇಯ್ನ್ ಕಂಪನೀಲಿ ಕೆಲಸ ಮಾಡೋ ಸೂಟ್ ಹಾಕಿದ ಮೂರು ಜನ ಬಿಳಿಯರು. ಆಟ ತಿರುಗಿಸಿದ್ರು, ಆದ್ರೆ ತಿರುಗಿಸಿದ ಮೇಲೆ ಎಲ್ಲಿಗೆ ಹೋಗ್ಬೇಕು ಅಂತ ಆ ಸಿನಿಮಾಗೆ ಗೊತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಹಾಡು, ಹೆಜ್ಜೆ, ಜೋಕರ್ ಆದ ವಾಕಿನ್ ಫೀನಿಕ್ಸ್ ಬೆನ್ನುಮೂಳೆ, ಇವು ನೆನಪಲ್ಲಿ ಉಳೀತವೆ. ಅವನು ಕುಣಿದ ಬ್ರಾಂಕ್ಸ್‌ನ ಮೆಟ್ಟಿಲು ಈಗ ಟೂರಿಸ್ಟ್ ಸ್ಪಾಟು, ದಿನಾ ಅದನ್ನ ಹತ್ತಿ ಮನೆಗೆ ಹೋಗ್ಬೇಕಾದ ಅಲ್ಲಿನ ಜನಕ್ಕೆ ಫೋಟೋ ತೆಗೆಸೋರ ಮಧ್ಯೆ ಜಾಗ ಮಾಡ್ಕೊಂಡು ಹೋಗೋ ಕಾಟ.

ಕೊನೇದಾಗಿ ಮ್ಯಾಟ್ ರೀವ್ಸ್‌ನ 2022ರ 'ದ ಬ್ಯಾಟ್‌ಮ್ಯಾನ್'. ಮತ್ತೆ ಮಳೆ, ಮತ್ತೆ ಡೈರಿ, ರಾತ್ರಿ ಎಲ್ಲಾ ಸುತ್ತಿ ಕಣ್ಣ ಸುತ್ತ ಕಪ್ಪು ಮೆತ್ಕೊಂಡಿರೋ ಹುಡುಗ. ಶುರುವಲ್ಲಿ ರೈಲ್ವೆ ಸ್ಟೇಷನ್ನಲ್ಲಿ ಒಬ್ಬ ಪುಂಡ, ಯಾರೋ ನೀನು ಅಂತ ಕೇಳ್ತಾನೆ. ಇವನು ಅವನನ್ನ ಚಚ್ಚಿ ಬಿಸಾಕಿ, ನಾನು ಪ್ರತೀಕಾರ ಅಂತಾನೆ. ಥಿಯೇಟರ್‌ನಲ್ಲಿ ಶಿಳ್ಳೆ ಬಿತ್ತು, ನಾನೂ ಹೊಡೆದೆ. ಮೂರು ಗಂಟೆ ಆದ ಮೇಲೆ, ನೀರು ನುಗ್ಗಿರೋ ಹಾಲ್‌ನಲ್ಲಿ, ಮೇಯರ್ ಆಗಿ ಗೆದ್ದಿರೋ ಕಪ್ಪು ಹೆಣ್ಣುಮಗಳ ಮೇಲೆ, ಜನರ ಮೇಲೆ ಮೇಲಿಂದ ಗುಂಡು ಹಾರಿಸ್ತಿದ್ದ ಒಬ್ಬನ್ನ ಹಿಡೀತಾರೆ. ಗಾರ್ಡನ್ ಅವನ ಮುಖವಾಡ ಕಿತ್ತು, ಯಾರೋ ನೀನು ಅಂತ ಕೇಳ್ತಾನೆ. ಅವನು ಬ್ಯಾಟ್‌ಮ್ಯಾನ್ ಹೇಳಿದ್ದ ಅದೇ ಮಾತು ಹೇಳ್ತಾನೆ.

ನಮ್ಮ ಹಾಲಲ್ಲಿ ಆಗ ಯಾರೂ ಶಿಳ್ಳೆ ಹೊಡೀಲಿಲ್ಲ. ಪರದೆ ಮೇಲೆ ಬ್ಯಾಟ್‌ಮ್ಯಾನ್ ಸುಮ್ನೆ ನಿಂತಿದ್ದ, ಏನೋ ಕೇಳಿಸ್ಕೊಂಡವನ ಹಾಗೆ.